ಸರ್ವರ್‌ನ ಸಿ ಡ್ರೈವ್ ತುಂಬಿತ್ತು: ಯಾವ ದಾರಿಯಲ್ಲಿ ಎಷ್ಟು ಜಾಗ ಸಿಕ್ಕಿತು?

ದಾವಣಗೆರೆಯ ಒಂದು ಆಡಿಟರ್ ಆಫೀಸಿನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಎಂಟು ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್ 2016. ತಿಂಗಳ 18ನೇ ತಾರೀಕು ಬೆಳಿಗ್ಗೆ ಅಲ್ಲಿಯ ಅಕೌಂಟೆಂಟ್ ಫೋನ್ ಮಾಡಿದರು. "ಸರ್, ಸಿ ಡ್ರೈವ್ ಮತ್ತೆ ಕೆಂಪಾಗಿದೆ. ಏನೂ ಸೇವ್ ಆಗ್ತಿಲ್ಲ. ನಾಡಿದ್ದು ಜಿಎಸ್‌ಟಿ 3ಬಿ ರಿಟರ್ನ್‌ಗೆ ಕೊನೇ ದಿನ."

100 ಜಿಬಿಯಲ್ಲಿ ಉಳಿದಿದ್ದು 900 ಎಂಬಿ. ನನಗೆ ಚುಚ್ಚಿದ್ದು ಆ "ಮತ್ತೆ" ಅನ್ನುವ ಮಾತು. ಮೂರು ತಿಂಗಳ ಹಿಂದೆ ಇದೇ ಸರ್ವರ್‌ನಲ್ಲಿ ಡಿಸ್ಕ್ ಕ್ಲೀನಪ್ ಓಡಿಸಿ, ಟೀ ಕುಡಿದು ಬಂದವನು ನಾನೇ. ಹಾಗಾಗಿ ಈ ಸಲ ಎಷ್ಟು ಜಾಗ ಸಿಕ್ಕಿತು ಅನ್ನುವುದರ ಜೊತೆಗೆ, ಆ ಜಾಗ ಮತ್ತೆ ತುಂಬುತ್ತದಾ ಅನ್ನುವುದನ್ನೂ ಬರೆದಿಟ್ಟುಕೊಂಡೆ.

ಮೊದಲು ಜಾಗ ಎಲ್ಲಿ ಹೋಗಿದೆ ಅಂತ ನೋಡಬೇಕಲ್ವಾ? ವಿಜ್‌ಟ್ರೀ ಎಂಬ ಪ್ರೋಗ್ರಾಂ ಡ್ರೈವ್‌ನ ಫೈಲ್ ಪಟ್ಟಿಯನ್ನೇ ನೇರವಾಗಿ ಓದುತ್ತದೆ, ಒಂದು ನಿಮಿಷದೊಳಗೆ ಚಿತ್ರ ಕೊಡುತ್ತದೆ. ಆದರೆ ಆಫೀಸಿನಲ್ಲಿ ಬಳಸಲು ದುಡ್ಡು ಕೊಡಬೇಕು. ವಿನ್‌ಡರ್‌ಸ್ಟ್ಯಾಟ್ ಪೂರ್ತಿ ಉಚಿತ, ಹಳೆಯ ಆವೃತ್ತಿಗಳು ನಿಧಾನ. ನಾನು ಅದನ್ನೇ ಹಾಕಿದೆ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಇಲ್ಲದಿದ್ದರೆ ಕೆಲವು ಫೋಲ್ಡರ್‌ಗಳ ಒಳಗೇ ಹೋಗುವುದಿಲ್ಲ, ಲೆಕ್ಕ ತಪ್ಪುತ್ತದೆ.

ಡಿಸ್ಕ್ ಕ್ಲೀನಪ್‌ನಿಂದ ಅರ್ಧ ಗಂಟೆಯಲ್ಲಿ 4 ಜಿಬಿ ಸಿಕ್ಕಿತು. ಮೂರು ತಿಂಗಳ ಹಿಂದೆಯೂ ಹೆಚ್ಚು ಕಡಿಮೆ ಇಷ್ಟೇ ಸಿಕ್ಕಿತ್ತು. ಅಂದರೆ ಇದು ಅಂಗಳದ ಕಸ ಗುಡಿಸಿದ ಹಾಗೆ. ಆ ದಿನದ ಕೆಲಸ ನಡೆಯುವುದಕ್ಕೆ ಸಾಕು.

ಆಮೇಲೆ ಡಿಸ್ಮ್, ವಿಂಡೋಸ್‌ನ ಸ್ವಂತ ಫೈಲುಗಳನ್ನು ದುರಸ್ತಿ, ಸ್ವಚ್ಛ ಮಾಡುವ ಆಜ್ಞೆ. ವಿಂಡೋಸ್ ತನ್ನ ಭಾಗಗಳ ಹಳೆಯ, ಹೊಸ ಪ್ರತಿಗಳನ್ನು ಇಡುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ನೋಡಿ ಎಲ್ಲರೂ ಹೆದರುತ್ತಾರೆ. ನಮ್ಮಲ್ಲೂ ಎಕ್ಸ್‌ಪ್ಲೋರರ್ 14 ಜಿಬಿ ತೋರಿಸುತ್ತಿತ್ತು. ಅದರಲ್ಲಿ ಎಷ್ಟೋ ಫೈಲು ಹಾರ್ಡ್ ಲಿಂಕ್. ಡಿಸ್ಕ್ ಮೇಲೆ ಇರುವುದು ಒಂದೇ ಪ್ರತಿ, ಎರಡು ಫೋಲ್ಡರ್‌ಗಳಲ್ಲಿ ಹೆಸರು, ಅಷ್ಟೇ. ಡಿಸ್ಮ್‌ನ ಅನಲೈಸ್ ಕಾಂಪೊನೆಂಟ್ ಸ್ಟೋರ್ ಓಡಿಸಿದರೆ ನಿಜವಾದ ಅಳತೆ ಬೇರೆಯಾಗಿ ಬರುತ್ತದೆ. ನಮ್ಮದು 9 ಜಿಬಿ. ಸ್ಟಾರ್ಟ್ ಕಾಂಪೊನೆಂಟ್ ಕ್ಲೀನಪ್ ಕೊಟ್ಟೆ. ಒಂದೂವರೆ ಗಂಟೆ ಓಡಿತು, ಸಿಕ್ಕಿದ್ದು 2 ಜಿಬಿ. ರೀಸೆಟ್ ಬೇಸ್ ಸೇರಿಸಿದ್ದರೆ ಇನ್ನಷ್ಟು ಸಿಗುತ್ತಿತ್ತೋ ಏನೋ. ಆದರೆ ಆಗ ಈಗಾಗಲೇ ಹಾಕಿರುವ ಅಪ್‌ಡೇಟ್‌ಗಳನ್ನು ವಾಪಸ್ ತೆಗೆಯುವ ದಾರಿ ಮುಚ್ಚಿಹೋಗುತ್ತದೆ. ರಿಟರ್ನ್ ಹಾಕುವ ವಾರದಲ್ಲಿ ಆ ಧೈರ್ಯ ನನಗಿಲ್ಲ.

ಸಿಟ್ಟು ಬಂದಿದ್ದು ಮುಂದಿನದಕ್ಕೆ. ಈ ಸರ್ವರ್ ಕಟ್ಟಿದವರು ಡಬ್ಲ್ಯುಎಸ್‌ಯುಎಸ್ (ವಿಂಡೋಸ್ ಅಪ್‌ಡೇಟ್‌ಗಳನ್ನು ಒಂದೇ ಕಡೆ ಇಳಿಸಿ ಆಫೀಸಿನ ಕಂಪ್ಯೂಟರ್‌ಗಳಿಗೆ ಹಂಚುವ ವ್ಯವಸ್ಥೆ) ಹಾಕಿ, ಅದರ ಅಪ್‌ಡೇಟ್ ಫೈಲುಗಳನ್ನು ಸಿ ಡ್ರೈವ್‌ನಲ್ಲೇ ಇಟ್ಟಿದ್ದರು. 31 ಜಿಬಿ! ಎಂಟು ಕಂಪ್ಯೂಟರ್‌ಗೆ ಬೇಡದ ಭಾಷೆಗಳು, ಡ್ರೈವರ್‌ಗಳು, ಎಲ್ಲದಕ್ಕೂ ಟಿಕ್. ಮೊದಲು ಆ ಟಿಕ್‌ಗಳನ್ನು ತೆಗೆದೆ. ಮಧ್ಯಾಹ್ನ ಡಬ್ಲ್ಯುಎಸ್‌ಯುಎಸ್ ಯುಟಿಲ್‌ನ ಮೂವ್ ಕಂಟೆಂಟ್ ಆಜ್ಞೆ ಕೊಟ್ಟು ಎಲ್ಲವನ್ನೂ ಡಿ ಡ್ರೈವ್‌ಗೆ ಕಳಿಸಿದೆ. ಮುಗಿದ ಮೇಲೆ ನೋಡಿದರೆ ಸಿ ಡ್ರೈವ್‌ನಲ್ಲಿ ಒಂದು ಎಂಬಿಯೂ ಬಿಡುವಾಗಿಲ್ಲ. ಹೆಸರು ಮೂವ್ ಅಂತ, ಮಾಡುವುದು ಕಾಪಿ. ಹಳೆಯ ಫೈಲುಗಳನ್ನು ನಾವೇ ಅಳಿಸಬೇಕು. ಕ್ಲೈಂಟ್ ಕಂಪ್ಯೂಟರ್ ಒಂದರಲ್ಲಿ ಅಪ್‌ಡೇಟ್ ಸರಿಯಾಗಿ ಇಳಿಯುತ್ತದಾ ಅಂತ ನೋಡಿಕೊಂಡು ಆಮೇಲೆ ಅಳಿಸಿದೆ. 31 ಜಿಬಿ ಬಂತು. ಇನ್ನು ಬೆಳೆದರೆ ಡಿ ಮೇಲೆ ಬೆಳೆಯಲಿ, ಅಲ್ಲಿ ಜಾಗಕ್ಕೆ ಬರವಿಲ್ಲ.

ಅದರ ಬಾಲವೇ ಐಐಎಸ್ ಲಾಗ್. ಡಬ್ಲ್ಯುಎಸ್‌ಯುಎಸ್ ನಡೆಯುವುದು ಐಐಎಸ್ ಎಂಬ ವಿಂಡೋಸ್‌ನ ವೆಬ್ ಸರ್ವರ್ ಮೇಲೆ, ಐಐಎಸ್ ದಿನಕ್ಕೊಂದು ಲಾಗ್ ಫೈಲ್ ಬರೆಯುತ್ತದೆ, ತಾನಾಗಿ ಯಾವತ್ತೂ ಅಳಿಸುವುದಿಲ್ಲ. ವರ್ಷಗಟ್ಟಲೆ ಕೂತಿದ್ದವು 3 ಜಿಬಿ. 30 ದಿನಕ್ಕಿಂತ ಹಳೆಯದನ್ನು ಅಳಿಸುವ ಎರಡು ಸಾಲಿನ ಪವರ್‌ಶೆಲ್ ಸ್ಕ್ರಿಪ್ಟ್ ಬರೆದು ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದೆ. ಸಿಕ್ಕಿದ ಜಾಗ ಸಣ್ಣದು, ಆದರೆ ಈ ಫೋಲ್ಡರ್ ಇನ್ನು ಮುಂದೆ ಊದುವುದಿಲ್ಲ.

ಪೇಜ್‌ಫೈಲ್, ಅಂದರೆ ರ್‍ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್ ಮೇಲೆ ಬಳಸುವ ಫೈಲ್, 16 ಜಿಬಿ ಇತ್ತು. ಡಿ ಡ್ರೈವ್‌ಗೆ ಬದಲಿಸಿ, ಸಿ ಮೇಲೆ 2 ಜಿಬಿ ಬಿಟ್ಟೆ. ಸರ್ವರ್ ಕುಸಿದರೆ ಕ್ರ್ಯಾಶ್ ಡಂಪ್ ಬರೆಯುವುದಕ್ಕೆ ಅಲ್ಲಿ ಸ್ವಲ್ಪ ಬೇಕು. ಸುಮ್ನೆ ಪೂರ್ತಿ ತೆಗೆದರೆ ನಾಳೆ ಯಾಕೆ ಕುಸಿಯಿತು ಅಂತ ಹುಡುಕಲು ಏನೂ ಉಳಿಯುವುದಿಲ್ಲ. ಇದಕ್ಕೆ ರೀಸ್ಟಾರ್ಟ್ ಬೇಕು, ಆದ್ದರಿಂದ ರಾತ್ರಿ ಎಂಟಕ್ಕೆ ಮಾಡಿದೆ.

ಪಾರ್ಟಿಷನ್ ಹಿಗ್ಗಿಸುವುದನ್ನು ಇಲ್ಲಿ ಕೈಬಿಟ್ಟೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಹಿಗ್ಗಬೇಕಾದರೆ ಅದರ ಬಲಕ್ಕೇ ಖಾಲಿ ಜಾಗ ಇರಬೇಕು. ಇಲ್ಲಿ ಅಂಟಿಕೊಂಡೇ ಡಿ ಇದೆ, ಅದರ ತುಂಬ ಕ್ಲೈಂಟ್‌ಗಳ ಲೆಕ್ಕ. ಇನ್ನೊಂದು ಕಡೆ, ಒಂದು ಬಟ್ಟೆ ಅಂಗಡಿಯಲ್ಲಿ, ಸರ್ವರ್ ಹೈಪರ್-ವಿ ಮೇಲೆ ವರ್ಚುವಲ್ ಕಂಪ್ಯೂಟರ್ ಆಗಿ ಇತ್ತು, ಸಿ ಪಕ್ಕ ಬೇರೆ ಪಾರ್ಟಿಷನ್ ಇರಲಿಲ್ಲ. ವರ್ಚುವಲ್ ಡಿಸ್ಕ್ ದೊಡ್ಡದು ಮಾಡಿ, ಒಳಗೆ ಎಕ್ಸ್‌ಟೆಂಡ್ ಒತ್ತಿದೆ, ಹತ್ತು ನಿಮಿಷ. ಅಂಥ ಕಡೆ ಮೇಲಿನ ಯಾವ ಸರ್ಕಸ್ಸೂ ಬೇಡ.

ವಿಂಡೋಸ್ ಒಳಗಿನ ಇನ್‌ಸ್ಟಾಲರ್ ಫೋಲ್ಡರ್‌ಗೆ ಮಾತ್ರ ಕೈ ಹಾಕಬೇಡಿ. ಹೊಸದರಲ್ಲಿ ನಾನು ಒಮ್ಮೆ ಅದರ ಫೈಲುಗಳನ್ನು ಕೈಯಾರೆ ಅಳಿಸಿದ್ದೆ. ಆಮೇಲೆ ಒಂದು ಪ್ರೋಗ್ರಾಂ ಅಪ್‌ಡೇಟೂ ಆಗಲಿಲ್ಲ, ಅನ್‌ಇನ್‌ಸ್ಟಾಲೂ ಆಗಲಿಲ್ಲ. ಆ ಭಾನುವಾರ ಅಲ್ಲೇ ಕಳೆಯಿತು.

ಆ ರಾತ್ರಿ ಸಿ ಡ್ರೈವ್‌ನಲ್ಲಿ ಸುಮಾರು 55 ಜಿಬಿ ಬಿಡುವಿತ್ತು. ನಾಲ್ಕು ತಿಂಗಳಾದ ಮೇಲೆ 51. ಹೋದ ಆ 4 ಜಿಬಿ ಅಪ್‌ಡೇಟ್‌ಗಳದ್ದೇ, ಅದಕ್ಕೆ ಮುಂದಿನ ಸಲ ಡಿಸ್ಕ್ ಕ್ಲೀನಪ್ ಸಾಕು. ಟೀ ಕುಡಿದೇ ಬರುತ್ತೇನೆ.