ಅಪ್ಪಿಕೊಳ್ಳುವುದೋ, ತಬ್ಬಿಕೊಳ್ಳುವುದೋ, ಆಲಿಂಗಿಸುವುದೋ?

ಬರವಣಿಗೆಯಲ್ಲಿ ಯಾವ ಪದವನ್ನು ಆರಿಸಬೇಕೆಂದು ತಡವರಿಸುವವರಿಗೆ ‘ಅಪ್ಪು’ ಎಂಬುದೇ ಹೆಚ್ಚು ಒದಗಿಬರುವ ಕ್ರಿಯಾಪದ: ಅದು ತೋಳುಗಳ ಅಪ್ಪುಗೆಯಲ್ಲಿ ನಿಲ್ಲದೆ ಪತ್ರಿಕೆಗಳ ‘ಸಾವನ್ನಪ್ಪಿದರು’ ಎಂಬ ವರದಿಯವರೆಗೂ ಚಾಚಿಕೊಂಡಿದೆ, 1983ರಲ್ಲಿ ಶಿರಸಿ ಸೀಮೆಯ ಜನರು ಮರಗಳನ್ನು ಕೊಡಲಿಯಿಂದ ಉಳಿಸಲು ಹೂಡಿದ ಚಳವಳಿಗೂ ‘ಅಪ್ಪಿಕೋ’ ಎಂದು ಹೆಸರಾಗಿದೆ. ‘ತಬ್ಬು’ ಇಷ್ಟು ದೂರ ಹೋಗುವುದಿಲ್ಲ. ಆದರೆ ಶಾಲೆಯಿಂದ ಓಡಿಬಂದ ಮಗುವನ್ನು ತಾಯಿ ಬಾಚಿ ತಬ್ಬಿಕೊಂಡಳೆಂದು ಬರೆಯುವಾಗ ಅದರ ಬಿಸುಪು ಬೇರೆ ಪದಕ್ಕೆ ಬಾರದು. ಸಂಸ್ಕೃತಮೂಲದ ‘ಆಲಿಂಗಿಸು’ ಕಾವ್ಯಕ್ಕೂ ಪುರಾಣಪ್ರಸಂಗಕ್ಕೂ ಒಪ್ಪುತ್ತದೆ. ಮನೆಮಾತಿಗೆ ತಂದರೆ ನಾಟಕೀಯವೆನಿಸುತ್ತದೆ. ಹಾಗೆಂದು ಅದನ್ನು ಎಲ್ಲೆಡೆ ಕೈಬಿಡಲಾಗದು: ಭೀಮನ ಲೋಹಪ್ರತಿಮೆಯನ್ನು ನುಚ್ಚುನೂರು ಮಾಡಿದ ಕುರುಡು ದೊರೆಯನ್ನು ನೆನಪಿಸುವ ‘ಧೃತರಾಷ್ಟ್ರಾಲಿಂಗನ’ದಲ್ಲಿ ಆಲಿಂಗನದ ಬದಲು ಅಪ್ಪುಗೆಯನ್ನು ಕೂರಿಸಿದರೆ ನುಡಿಗಟ್ಟಿನ ಕಸುವೇ ಉಳಿಯುವುದಿಲ್ಲ.