ಗನ್ನಾ, ಲೇಸರಾ? ಚೀನಾ ಪಿಂಗಾಣಿಯ ಊರು ಹುಡುಕಲು ಹೋಗಿ

ಚಿಂಗ್‌ಬೈ ಅಂದರೆ ತಿಳಿನೀಲಿ ಛಾಯೆಯ ಬಿಳಿ ಪಿಂಗಾಣಿ. ಹೆಸರು ಮಾಡಿದ್ದು ಚೀನಾದ ಜಿಂಗ್‌ಡೆಜೆನ್ ಊರು. ಆದರೆ ಅದನ್ನೇ ನೋಡಿ ಫೂಜಿಯನ್ ಪ್ರಾಂತ್ಯದ ದೆಹುವಾ, ಮಿನ್‌ಚಿಂಗ್‌ನ ಪಿಂಗಾಣಿ ಸುಡುವ ಗೂಡುಗಳಲ್ಲೂ ಮಾಡಿದರು, ಹಡಗಿಗೆ ತುಂಬಿ ಹೊರದೇಶಕ್ಕೂ ಕಳಿಸಿದರು. ಇವತ್ತು ಚೂರುಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಎಲ್ಲಿಯದು ಅಂತ ನನ್ನ ಕಣ್ಣಿಗಂತೂ ಗೊತ್ತಾಗಲ್ಲ. ಆದರೆ ಊರೂರಿನ ಮಣ್ಣಿನಲ್ಲಿ ಧಾತುಗಳ ಪ್ರಮಾಣ ಬೇರೆ ಬೇರೆ. ಹಾಗಾಗಿ ಅವೇ ಚೂರುಗಳನ್ನು ಧಾತು ಅಳೆಯುವ ಎರಡು ಯಂತ್ರಕ್ಕೂ ಕೊಟ್ಟು ನೋಡಿದೆ.

ಮೊದಲನೆಯದು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್, ಅಂದರೆ ಎಕ್ಸ್-ಕಿರಣ ಬಿಟ್ಟು ಧಾತು ಅಳೆಯುವ ಯಂತ್ರ. ನೋಡಲು ಡ್ರಿಲ್ಲಿಂಗ್ ಮಷೀನ್ ಥರ ಇರುತ್ತೆ, ನಾವು ಗನ್ ಅಂತಲೇ ಕರೆಯೋದು. ಒತ್ತಿ ಹಿಡಿದರೆ ಒಂದೆರಡು ನಿಮಿಷದಲ್ಲಿ ರುಬಿಡಿಯಂ, ಸ್ಟ್ರಾಂಷಿಯಂ, ಜಿರ್ಕೋನಿಯಂ ಎಲ್ಲ ಪರದೆ ಮೇಲೆ. ಚೂರಿಗೆ ಒಂದು ಗೀರೂ ಬೀಳಲ್ಲ.

ಖುಷಿಯಲ್ಲಿ ಒಂದು ಮಧ್ಯಾಹ್ನ ಸಾಲಾಗಿ ಓದಿಸಿಬಿಟ್ಟೆ. ಆಮೇಲೆ ನೋಡಿದರೆ ಒಂದು ಬಟ್ಟಲಿನ ಚೂರಿನಲ್ಲಿ ಕ್ಯಾಲ್ಸಿಯಂ ಸಿಕ್ಕಾಪಟ್ಟೆ! ಹೊಸ ಗೂಡು ಸಿಕ್ಕಿತು ಅಂತ ಕುಣಿಯುವುದೊಂದು ಬಾಕಿ. ಚೂರು ತಿರುಗಿಸಿ ನೋಡಿದೆ. ಒಡೆದ ಅಂಚು 3 ಮಿಲಿಮೀಟರ್ ದಪ್ಪ, ಸಕ್ಕರೆ ಮುರಿದ ಹಾಗೆ ಬೆಳ್ಳಗೆ, ಎರಡೂ ಕಡೆ ಗಾಜಿನಂಥ ಮೆರುಗಿನ ಗೆರೆ. ಗನ್ನಿನ ಕಿರಣ ಬೀಳುವ ಜಾಗ ಅದಕ್ಕಿಂತ ಅಗಲ. ಮೆರುಗಿಗೆ ಸುಣ್ಣ ಹಾಕಿರ್ತಾರೆ, ನಾನು ಅಳೆದದ್ದು ಮಣ್ಣನ್ನಲ್ಲ, ಮಣ್ಣೂ ಮೆರುಗೂ ಸೇರಿದ ಕಲಸುಮೇಲೋಗರವನ್ನ. ಮೆರುಗಿಲ್ಲದ ಬುಡಕ್ಕೆ ಹಿಡಿದು ಮತ್ತೆ ಎಲ್ಲ ಮೊದಲಿಂದ.

ಎರಡನೆಯ ಯಂತ್ರ ಲೇಸರ್ ಐಸಿಪಿ-ಎಂಎಸ್, ಅದಕ್ಕೆ ಈ ತಕರಾರಿಲ್ಲ. ಕೂದಲೆಳೆಯಷ್ಟು ಜಾಗವನ್ನು ಲೇಸರ್‌ನಿಂದ ಆವಿ ಮಾಡಿ, ಆ ಆವಿಯಲ್ಲಿರುವ ಧಾತುಗಳನ್ನು ಅಳೆಯುತ್ತೆ, ಗನ್ ಸರಿಯಾಗಿ ಕಾಣದ ಸೋಡಿಯಂ, ವಿರಳ ಭೂ ಧಾತುಗಳೂ ಸಿಗುತ್ತವೆ. ಆದರೆ ಅಷ್ಟು ಸಣ್ಣ ಗುರಿ ಸ್ಫಟಿಕದ ಕಣದ ಮೇಲೆ ಬಿದ್ದರೆ ಬರೀ ಸಿಲಿಕಾ ತೋರಿಸುತ್ತೆ. ಅದಕ್ಕೇ ಒಂದೊಂದು ಚೂರಿಗೂ ಹಲವು ಕಡೆ ಹೊಡೆದು ಸರಾಸರಿ ತೆಗೆಯಬೇಕು. ಖರ್ಚು ಜಾಸ್ತಿ, ಸರದಿ ಕಾಯಬೇಕು, ಚೂರು ಯಂತ್ರದ ಪುಟ್ಟ ಡಬ್ಬಿಯೊಳಗೆ ಹಿಡಿಸಬೇಕು. ಇಡೀ ಬಟ್ಟಲನ್ನು ಹಿಡಿಸೋಕೆ ಮುರಿಯೋಕಾಗುತ್ತಾ?

ಜಾವಾ ಸಮುದ್ರದಲ್ಲಿ ಮುಳುಗಿದ್ದ ಹಡಗಿನ ಚಿಂಗ್‌ಬೈಯನ್ನು ಶಿಕಾಗೋದ ಫೀಲ್ಡ್ ಮ್ಯೂಸಿಯಂನವರು ಗೂಡುಗಳ ಚೂರುಗಳ ಜೊತೆ ಹೋಲಿಸಿದ್ದು ಗನ್ನಿನಲ್ಲೇ. 2019ರಲ್ಲಿ ಪ್ರಕಟವಾಯಿತು. ಅವು ಒಂದೇ ಊರಿನವಲ್ಲ, ಜಿಂಗ್‌ಡೆಜೆನ್‌ನದೂ ಫೂಜಿಯನ್‌ನದೂ ಬೆರೆತಿದ್ದವು. ಹೋಲಿಸಲು ಗೂಡಿನ ಚೂರು ಇರದಿದ್ದರೆ ಯಾವ ಯಂತ್ರವೂ ಊರು ಹೇಳಲ್ಲ ಬಿಡಿ.

ನಾನಾದರೆ ನೂರು ಚೂರನ್ನು ಗನ್ನಿನಿಂದ ಗುಂಪು ಮಾಡಿ, ಯಾವ ಗುಂಪಿಗೂ ಸೇರದೆ ಸತಾಯಿಸುವ ಹತ್ತನ್ನು ಮಾತ್ರ ಲೇಸರ್‌ಗೆ ಕೊಡ್ತೀನಿ. ಹಂಪಿಯ ಉತ್ಖನನದಲ್ಲಿ ಸಿಕ್ಕಂಥ ಚೀನಾ ಪಿಂಗಾಣಿ ಚೂರುಗಳಿಗೂ ಅಷ್ಟೇ, ಮೊದಲು ಗನ್, ಅದೂ ಬುಡಕ್ಕೆ.