ಮಲಬಾರ್ ಹಿಲ್ಲೋ, ಕಾನ್ಹೇರಿಯೋ?

ಊರಿಂದ ನೆಂಟರು ಬಂದಾಗಲೆಲ್ಲ ಮುಂಬೈಯ ನಮ್ಮ ಮಾಟುಂಗಾ ಮನೆಯಲ್ಲಿ ಇದೇ ಚರ್ಚೆ. ಕಾಡು ನೋಡಬೇಕು, ಮಂಡಿ ಮಾತ್ರ ನೋಯಬಾರದು!

ಮಲಬಾರ್ ಹಿಲ್‌ನ ಕಮಲಾ ನೆಹರೂ ಪಾರ್ಕ್ ಹತ್ತಿರ 2025ರಲ್ಲಿ ನೆಲದಿಂದ ಎತ್ತರದಲ್ಲಿ ಮರದ ಹಲಗೆಯ ಕಾಲುದಾರಿ ಶುರುವಾಯಿತು. ಉದ್ದ 485 ಮೀಟರ್. ಮರಗಳ ನಡುವೆಯೇ ನಡೆಯುತ್ತೀರಿ, ಗಾಜಿನ ನೆಲದ ಮೇಲೆ ನಿಂತರೆ ಗಿರ್‌ಗಾಂವ್ ಚೌಪಾಟಿಯ ಕಡಲು. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಅಜ್ಜಿ, ಪುಟ್ಟ ಮಕ್ಕಳಿದ್ದರೆ ಇದೇ ಸರಿ. ಆದರೆ ಬೆವರು ಬರುವ ಮೊದಲೇ ಮುಗಿದುಹೋಗುತ್ತದೆ.

ಕಾನ್ಹೇರಿಯ ಲೆಕ್ಕವೇ ಬೇರೆ. ಬೋರಿವಲಿ ಪೂರ್ವದಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿನಿಂದ ಗುಹೆಗಳಿಗೆ ಸುಮಾರು 6 ಕಿಲೋಮೀಟರ್ ಡಾಂಬರು ದಾರಿ, ಎರಡೂ ಕಡೆ ಕಾಡು. ಸುಸ್ತಾದರೆ ಬಸ್ಸಿದೆ. ಕಪ್ಪು ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಪಕ್ಕದಲ್ಲೇ ನೀರಿನ ತೊಟ್ಟಿಗಳು. ಮಳೆಗಾಲದಲ್ಲಿ ಮೆಟ್ಟಿಲ ಮೇಲೆಲ್ಲ ನೀರು ಹರಿಯುತ್ತದೆ. ಚಂದ ಹೌದು, ಜಾರುವುದೂ ಜಾಸ್ತಿ. ಚಕ್ಕುಲಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ. ನಮ್ಮದನ್ನು ಮಂಗ ಕಿತ್ತುಕೊಂಡು ಹೋಯಿತು!

ಅರ್ಧ ದಿನ ಬಿಡುವಿದ್ದರೆ ನಾನು ಕಾನ್ಹೇರಿಗೇ ಹೋಗುತ್ತೇನೆ. ಸೋಮವಾರ ಮಾತ್ರ ಬೇಡ, ಅಂದು ಉದ್ಯಾನಕ್ಕೆ ರಜೆ.